ಹೀಥ್ರೂ–ಸ್ಕಿಪೋಲ್ ವಿಮಾನ: ಎಷ್ಟು ದೂರ, ಎಷ್ಟು ಹೊತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಲಂಡನ್ನಿನ ಹೀಥ್ರೂ ಮತ್ತು ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ನಡುವೆ ಓಡಾಡುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಆಮ್‌ಸ್ಟೆಲ್‌ವೀನ್‌ನಲ್ಲಿ ಐಟಿ ಕೆಲಸಕ್ಕಿರುವವರು, ಲಂಡನ್ನಿನಲ್ಲಿ ಓದುವ ಮಕ್ಕಳು, ಎರಡೂ ಕಡೆ ನೋಡಿಕೊಂಡು ಹೋಗೋಣ ಅಂತ ಊರಿಂದ ಬರುವ ಅಪ್ಪ ಅಮ್ಮ. ಎಲ್ಲರೂ ಕೇಳುವುದು ಹೆಚ್ಚೂಕಮ್ಮಿ ಇವೇ ಪ್ರಶ್ನೆಗಳನ್ನು. ದೂರದ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಸಾಕು. ಹೊತ್ತಿನ ಲೆಕ್ಕ ಮಾತ್ರ ಅಷ್ಟು ಸುಲಭದ್ದಲ್ಲ.

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ?

ನೇರವಾಗಿ ಅಳೆದರೆ ಸುಮಾರು 370 ಕಿಲೋಮೀಟರ್. ಮೈಲಿಯಲ್ಲಿ 230, ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ 200.

ನಮ್ಮ ಕಡೆಯ ಲೆಕ್ಕ ಬೇಕಾ? ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೂ ನೇರ ದೂರ ಹೆಚ್ಚೂಕಮ್ಮಿ ಇಷ್ಟೇ. ನಡುವೆ ಒಂದು ಸಮುದ್ರ ಮತ್ತು ಎರಡು ದೇಶಗಳ ಪಾಸ್‌ಪೋರ್ಟ್ ಕೌಂಟರ್ ಇಲ್ಲ, ಅಷ್ಟೇ ವ್ಯತ್ಯಾಸ.

ಒಂದೊಂದು ಕಡೆ ಒಂದೊಂದು ಸಂಖ್ಯೆ ಕಾಣುತ್ತದಲ್ಲ, ಯಾವುದು ಸರಿ?

ಬಹಳಷ್ಟು ಸಲ ಎಲ್ಲವೂ ಸರಿಯೇ. 200 ಅಂತ ಬರೆದಿದ್ದರೆ ಅದು ನಾಟಿಕಲ್ ಮೈಲಿ. 350–360 ಕಿ.ಮೀ. ಅಂತಿದ್ದರೆ ನಿಲ್ದಾಣಗಳ ಬದಲು ಊರಿನ ನಡುಭಾಗದಿಂದ ಊರಿನ ನಡುಭಾಗಕ್ಕೆ ಅಳೆದಿದ್ದಾರೆ. ಹೀಥ್ರೂ ಇರುವುದು ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ. ಆಮ್‌ಸ್ಟರ್‌ಡ್ಯಾಮ್ ಇರುವುದು ಪೂರ್ವಕ್ಕೆ. ಹಾಗಾಗಿ ಹೀಥ್ರೂವಿನಿಂದ ಹೊರಟ ವಿಮಾನ ಮೊದಲು ಲಂಡನ್ನಿನಷ್ಟು ಅಗಲವನ್ನು ದಾಟಿ ಆಮೇಲೆ ಸಮುದ್ರ ಸೇರಬೇಕು.

500 ಕಿ.ಮೀ. ಮೀರಿದ ಸಂಖ್ಯೆ ಕಂಡರೆ ಅದು ರಸ್ತೆಯ ದೂರ. ಕಾರಿನಲ್ಲಿ ಫೋಕ್‌ಸ್ಟನ್‌ವರೆಗೆ ಹೋಗಿ, ಸುರಂಗದಲ್ಲಿ ಫ್ರಾನ್ಸ್ ಸೇರಿ, ಬೆಲ್ಜಿಯಂ ದಾಟಿ ಮೇಲಕ್ಕೆ ಬರಬೇಕು.

ಇನ್ನು ವಿಮಾನ ನಿಜವಾಗಿ ಹಾರುವ ದೂರ ಇದ್ಯಾವುದೂ ಅಲ್ಲ. ಗಾಳಿಗೆ ಎದುರಾಗಿ ಏರಬೇಕು, ನಿಗದಿಯಾದ ದಾರಿ ಹಿಡಿಯಬೇಕು, ಇಳಿಯುವಾಗ ಸಾಲಿನಲ್ಲಿ ಬರಬೇಕು. 370ಕ್ಕೆ ಇನ್ನೂ ಹತ್ತಾರು ಕಿಲೋಮೀಟರ್ ಸೇರುತ್ತದೆ, ಅದೂ ದಿನಕ್ಕೊಂದು ಥರ.

ವಿಮಾನದಲ್ಲಿ ಎಷ್ಟು ಹೊತ್ತು ಕೂರಬೇಕು?

ಟಿಕೆಟ್ಟಿನಲ್ಲಿ 1 ಗಂಟೆ 15 ನಿಮಿಷದಿಂದ 1 ಗಂಟೆ 30 ನಿಮಿಷದವರೆಗೆ ಇರುತ್ತದೆ. ಗಾಳಿಯಲ್ಲಿ ಇರುವುದು ಸಾಮಾನ್ಯವಾಗಿ 45–50 ನಿಮಿಷ ಮಾತ್ರ.

ಟಿಕೆಟ್ಟಿನಲ್ಲಿರುವುದು ಗೇಟಿನಿಂದ ಗೇಟಿಗೆ ಲೆಕ್ಕ. ವಿಮಾನ ಗೇಟು ಬಿಟ್ಟು ಹಿಂದಕ್ಕೆ ಸರಿದ ಕ್ಷಣದಿಂದ, ಆ ಕಡೆಯ ಗೇಟಿಗೆ ಬಂದು ನಿಲ್ಲುವವರೆಗೆ. ರನ್‌ವೇವರೆಗೆ ಉರುಳುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲವೂ ಅದರೊಳಗೇ ಬರುತ್ತದೆ. ತಡವಾದರೆ ಇರಲಿ ಅಂತ ಕಂಪನಿಗಳು ಇನ್ನೂ ಕೆಲವು ನಿಮಿಷ ಸೇರಿಸಿಟ್ಟಿರುತ್ತವೆ. ಅದಕ್ಕೇ ಎಷ್ಟೋ ಸಲ 20 ನಿಮಿಷ ತಡವಾಗಿ ಹೊರಟ ವಿಮಾನವೂ ಹೇಳಿದ ಹೊತ್ತಿಗೇ ಬಂದು ನಿಲ್ಲುತ್ತದೆ. ಪೈಲಟ್ ಜೋರಾಗಿ ಓಡಿಸಿದ ಅಂತೇನಲ್ಲ.

ಗಂಟೆಗೆ 800 ಕಿ.ಮೀ. ಹೋಗುವ ವಿಮಾನಕ್ಕೆ 370 ಕಿ.ಮೀ. ಅರ್ಧ ಗಂಟೆಯ ದಾರಿ ಅಲ್ವಾ?

ಕಾಗದದ ಮೇಲೆ ಹೌದು. ಆದರೆ ಆ 800ರ ವೇಗ ಸಿಗುವುದು ಮೇಲೆ ಏರಿ ಸಮನಾಗಿ ಹಾರುವಾಗ ಮಾತ್ರ. ಈ ದಾರಿಯಲ್ಲಿ ಆ ಭಾಗ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಉಳಿದದ್ದೆಲ್ಲ ಏರುವುದು ಇಲ್ಲವೇ ಇಳಿಯುವುದು. ದೂರದ ವಿಮಾನಗಳು 35 ಸಾವಿರ ಅಡಿ ದಾಟಿ ಹೋಗುತ್ತವೆ. ಇಲ್ಲಿ 20–25 ಸಾವಿರ ಅಡಿಯ ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಹೋದ ಕೂಡಲೇ ಇಳಿಯಬೇಕಾಗುತ್ತದೆ.

ಕ್ಯಾಬಿನ್ನಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಸೀಟ್ ಬೆಲ್ಟ್ ದೀಪ ಆರುತ್ತಿದ್ದಂತೆ ಸಿಬ್ಬಂದಿ ಓಡುವ ಹಾಗೆ ಟ್ರಾಲಿ ತಳ್ಳುತ್ತಾರೆ. ಹಿಂದಿನ ಸಾಲಿನವರಿಗೆ ಕಾಫಿ ಕೈಗೆ ಬರುವಷ್ಟರಲ್ಲಿ ಮುಂದಿನ ಸಾಲಿನವರ ಲೋಟ ವಾಪಸ್ ಇಸಿದುಕೊಳ್ಳುತ್ತಿರುತ್ತಾರೆ. ಬಿಸಿ ಕಾಫಿಯನ್ನು ನಿಧಾನವಾಗಿ ಕುಡಿಯುವವರು ನಿಲ್ದಾಣದಲ್ಲೇ ಕುಡಿದು ಹತ್ತುವುದು ವಾಸಿ.

ಸ್ಕಿಪೋಲ್‌ನಲ್ಲಿ ಇಳಿದ ಮೇಲೂ ವಿಮಾನ ಕಾಲು ಗಂಟೆ ಓಡುತ್ತಲೇ ಇರುತ್ತದೆ, ಯಾಕೆ?

ನೀವು ಪೋಲ್ಡರ್‌ಬಾನ್‌ನಲ್ಲಿ ಇಳಿದಿದ್ದೀರಿ.

ಸ್ಕಿಪೋಲ್‌ಗೆ ಆರು ರನ್‌ವೇಗಳಿವೆ. ಅವುಗಳಲ್ಲಿ ಹೊಸದು, 2003ರಲ್ಲಿ ಶುರುವಾದದ್ದು, ಈ ಪೋಲ್ಡರ್‌ಬಾನ್. ಉದ್ದ 3,800 ಮೀಟರ್. ಊರುಗಳ ಮೇಲೆ ಸದ್ದು ಕಡಿಮೆ ಬೀಳಲಿ ಅಂತ ಇದನ್ನು ಟರ್ಮಿನಲ್ಲಿನಿಂದ ದೂರ, ಹೊಲಗಳ ನಡುವೆ ಕಟ್ಟಿದರು. ಅಲ್ಲಿಂದ ಗೇಟಿಗೆ ಬರಲು 10ರಿಂದ 20 ನಿಮಿಷ ಹಿಡಿಯುತ್ತದೆ. ಒಟ್ಟು ಹಾರಾಟವೇ 45 ನಿಮಿಷ, ಅದರ ಮೇಲೆ ನೆಲದ ಮೇಲಿನ ಈ ಮೆರವಣಿಗೆ!

ಬೇಜಾರು ಮಾಡಿಕೊಳ್ಳುವ ಬದಲು ಕಿಟಕಿಯಾಚೆ ನೋಡಿ. ನೇರವಾಗಿ ಗೆರೆ ಎಳೆದ ಹಾಗೆ ಕಾಲುವೆಗಳು, ಹೊಲಗಳು. ಒಂದು ಕಡೆ ವಿಮಾನ ಸೇತುವೆಯ ಮೇಲೆ ಹೋಗುತ್ತದೆ, ಕೆಳಗೆ ಎ5 ಹೆದ್ದಾರಿಯಲ್ಲಿ ಲಾರಿ ಕಾರುಗಳು ಓಡುತ್ತಿರುತ್ತವೆ. ರೆಕ್ಕೆಯ ಕೆಳಗೆ ಲಾರಿ ಹಾದುಹೋಗುವುದನ್ನು ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ.

ಇನ್ನೊಂದು ವಿಷಯ. ನೀವು ಉರುಳುತ್ತಿರುವ ಆ ನೆಲ ಮೊದಲು ಕೆರೆಯ ತಳವಾಗಿತ್ತು. ಹಾರ್ಲೆಮ್ಮರ್‌ಮೇರ್ ಅನ್ನುವ ದೊಡ್ಡ ಸರೋವರ. ಉಗಿ ಪಂಪುಗಳಿಂದ ನೀರೆತ್ತಿ 1852ರ ಹೊತ್ತಿಗೆ ಅದನ್ನು ಬತ್ತಿಸಿದರು. ಈಗಲೂ ಸ್ಕಿಪೋಲ್ ಸಮುದ್ರಮಟ್ಟಕ್ಕಿಂತ ಮೂರು ಮೀಟರಿಗೂ ಹೆಚ್ಚು ಕೆಳಗಿದೆ. ಪಂಪುಗಳು ಇವತ್ತಿಗೂ ನೀರು ಎತ್ತುತ್ತಲೇ ಇವೆ.

ಹೀಥ್ರೂ ಹತ್ತಿರ ಬಂದಮೇಲೆ ಯಾಕೆ ಸುತ್ತು ಹೊಡೆಯುತ್ತಾರೆ?

ಅಷ್ಟು ದೊಡ್ಡ ನಿಲ್ದಾಣಕ್ಕೆ ಇರುವುದು ಬರೀ ಎರಡು ರನ್‌ವೇ. ಸ್ಕಿಪೋಲ್‌ನ ಆರರ ಪಕ್ಕ ಇಟ್ಟು ನೋಡಿ. ವರ್ಷಕ್ಕೆ 4 ಲಕ್ಷ 80 ಸಾವಿರ ಏರಿಳಿತಗಳ ಮಿತಿ ಇದೆ, ಆ ಮಿತಿಯ ಹತ್ತಿರಹತ್ತಿರವೇ ಅದು ನಡೆಯುತ್ತದೆ. ಒಂದು ವಿಮಾನ ಎರಡು ನಿಮಿಷ ತಡಮಾಡಿದರೂ ಹಿಂದಿನ ಸಾಲು ಬೆಳೆಯುತ್ತದೆ.

ಆ ಸಾಲು ನಿಲ್ಲುವುದು ಆಕಾಶದಲ್ಲಿ. ಲಂಡನ್ನಿನ ಸುತ್ತ ಇದಕ್ಕಾಗಿ ನಾಲ್ಕು ಜಾಗಗಳಿವೆ: ಬೋವಿಂಗ್ಡನ್, ಲ್ಯಾಂಬೋರ್ನ್, ಬಿಗಿನ್, ಆಖಮ್. ಆಮ್‌ಸ್ಟರ್‌ಡ್ಯಾಮ್ ಕಡೆಯಿಂದ ಬರುವವರಿಗೆ ಸಾಮಾನ್ಯವಾಗಿ ಸಿಗುವುದು ಎಸೆಕ್ಸ್ ಮೇಲಿನ ಲ್ಯಾಂಬೋರ್ನ್. ಒಂದರ ಮೇಲೊಂದು ಸಾವಿರ ಅಡಿ ಅಂತರ ಬಿಟ್ಟು ವಿಮಾನಗಳು ಸುತ್ತುತ್ತಿರುತ್ತವೆ. ಕೆಳಗಿನದು ಇಳಿಯಲು ಹೋದಾಗ ಮೇಲಿನವು ಒಂದೊಂದು ಮೆಟ್ಟಿಲು ಇಳಿಯುತ್ತವೆ. ಕಿಟಕಿಯಲ್ಲಿ ಅದೇ ಹಸಿರು, ಅದೇ ರಸ್ತೆ ಎರಡನೇ ಸಲ ಕಂಡರೆ ಅರ್ಥ ಮಾಡಿಕೊಳ್ಳಿ. ಒಂದು ಸುತ್ತಿಗೆ ನಾಲ್ಕೈದು ನಿಮಿಷ.

ಆಮ್‌ಸ್ಟರ್‌ಡ್ಯಾಮಿನಿಂದ ಬೆಳಗ್ಗೆ 9ಕ್ಕೆ ಹೊರಟು 9:20ಕ್ಕೆ ಲಂಡನ್ ತಲುಪುತ್ತೆ ಅಂತ ಟಿಕೆಟ್ಟಿನಲ್ಲಿದೆ. ತಪ್ಪಾಗಿ ಅಚ್ಚಾಗಿದೆಯಾ?

ಇಲ್ಲ, ಸರಿಯಾಗಿದೆ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ತಲುಪುವ ಹೊತ್ತು ತಲುಪುವ ಊರಿನದ್ದು. ಆಮ್‌ಸ್ಟರ್‌ಡ್ಯಾಮ್ ಲಂಡನ್ನಿಗಿಂತ ಒಂದು ಗಂಟೆ ಮುಂದೆ. ಆಮ್‌ಸ್ಟರ್‌ಡ್ಯಾಮಿನಿಂದ ಲಂಡನ್ನಿಗೆ ಬರುವಾಗ ಆ ಗಂಟೆ ನಿಮಗೆ ವಾಪಸ್ ಸಿಗುತ್ತದೆ. ಹೋಗುವಾಗ ಕಳೆದುಕೊಳ್ಳುತ್ತೀರಿ: 9ಕ್ಕೆ ಹೊರಟರೆ 11:20.

ಎರಡೂ ದೇಶಗಳು ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರ ಮುಂದಕ್ಕೆ ತಿರುಗಿಸುತ್ತವೆ, ಅಕ್ಟೋಬರ್‌ನ ಕೊನೆಯ ಭಾನುವಾರ ಹಿಂದಕ್ಕೆ. ಅದೂ ಒಂದೇ ಕ್ಷಣದಲ್ಲಿ. ಹಾಗಾಗಿ ಅವುಗಳ ನಡುವಿನ ಒಂದು ಗಂಟೆ ವರ್ಷವಿಡೀ ಹಾಗೇ ಇರುತ್ತದೆ. ಬದಲಾಗುವುದು ನಮ್ಮೂರಿನ ಜೊತೆಗಿನ ಲೆಕ್ಕ. ಬೇಸಿಗೆಯಲ್ಲಿ ಭಾರತಕ್ಕಿಂತ ಆಮ್‌ಸ್ಟರ್‌ಡ್ಯಾಮ್ ಮೂರೂವರೆ ಗಂಟೆ ಹಿಂದೆ, ಲಂಡನ್ ನಾಲ್ಕೂವರೆ. ಚಳಿಗಾಲದಲ್ಲಿ ಎರಡಕ್ಕೂ ಒಂದೊಂದು ಗಂಟೆ ಸೇರಿಸಿ. ಮನೆಗೆ ಫೋನ್ ಮಾಡುವ ಮೊದಲು ಇದೊಂದು ನೆನಪಿರಲಿ.

ಈ ಎರಡು ಊರಿನ ನಡುವೆ ವಿಮಾನ ಯಾವಾಗಿನಿಂದ ಓಡುತ್ತಿದೆ?

1920ರ ಮೇ 17ರಿಂದ. ನೆದರ್ಲೆಂಡ್ಸ್‌ನ ವಿಮಾನ ಕಂಪನಿ ಕೆಎಲ್‌ಎಂನ ಮೊಟ್ಟಮೊದಲ ಹಾರಾಟವೇ ಲಂಡನ್–ಆಮ್‌ಸ್ಟರ್‌ಡ್ಯಾಮ್. ಆಗ ಹೀಥ್ರೂ ನಿಲ್ದಾಣ ಇರಲಿಲ್ಲ, ಹೊರಟದ್ದು ಕ್ರಾಯ್ಡನ್‌ನಿಂದ. ವಿಮಾನವೂ ಸ್ವಂತದ್ದಲ್ಲ, ಬಾಡಿಗೆಗೆ ತಂದ ಡಿ ಹ್ಯಾವಿಲ್ಯಾಂಡ್ ಡಿಎಚ್ 16. ಓಡಿಸಿದವರು ಜೆರ್ರಿ ಶಾ. ಪ್ರಯಾಣಿಕರು ಇಬ್ಬರೇ, ಇಬ್ಬರೂ ಪತ್ರಕರ್ತರು. ಜೊತೆಗೆ ಒಂದಿಷ್ಟು ದಿನಪತ್ರಿಕೆ ಮತ್ತು ಲಂಡನ್ ಮೇಯರ್ ಆಮ್‌ಸ್ಟರ್‌ಡ್ಯಾಮಿನ ಮೇಯರ್‌ಗೆ ಬರೆದ ಪತ್ರ. ಗಾಳಿಯಲ್ಲಿ ಎರಡು ಗಂಟೆಗೂ ಸ್ವಲ್ಪ ಹೆಚ್ಚೇ ಹಿಡಿಯಿತು.

ಗಡಿಯಾರದ ಲೆಕ್ಕ ಆಗ ಇನ್ನೂ ವಿಚಿತ್ರ. 1940ರವರೆಗೆ ನೆದರ್ಲೆಂಡ್ಸ್‌ಗೆ ತನ್ನದೇ ಹೊತ್ತಿತ್ತು, ಗ್ರೀನಿಚ್‌ಗಿಂತ ಸುಮಾರು 20 ನಿಮಿಷ ಮುಂದೆ. ಆ ವರ್ಷ ಜರ್ಮನ್ ಸೈನ್ಯ ದೇಶವನ್ನು ಆಕ್ರಮಿಸಿ ಬರ್ಲಿನ್ ಹೊತ್ತನ್ನು ಹೇರಿತು. ಯುದ್ಧ ಮುಗಿದ ಮೇಲೂ ದೇಶ ಹಳೆಯ ಹೊತ್ತಿಗೆ ಮರಳಲಿಲ್ಲ. ನಿಮ್ಮ ಟಿಕೆಟ್ಟಿನ ಒಂದು ಗಂಟೆಯ ಆಟಕ್ಕೆ ಮೂಲ ಇದು.

ಹೋಗುವಾಗ ಬೇಗ ತಲುಪುತ್ತದೋ, ಬರುವಾಗಲೋ?

ಹಾರಾಟದ ಹೊತ್ತು ಮಾತ್ರ ನೋಡಿದರೆ ಲಂಡನ್ನಿನಿಂದ ಆಮ್‌ಸ್ಟರ್‌ಡ್ಯಾಮಿಗೆ ಹೋಗುವಾಗ ಸ್ವಲ್ಪ ಬೇಗ. ಆ ಭಾಗದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಇಷ್ಟು ಚಿಕ್ಕ ದಾರಿಯಲ್ಲಿ ವ್ಯತ್ಯಾಸ ಐದರಿಂದ ಹತ್ತು ನಿಮಿಷ. ಅದನ್ನು ಪೋಲ್ಡರ್‌ಬಾನ್ ನುಂಗಿಹಾಕುತ್ತದೆ, ಬಿಡಿ.

ಲಂಡನ್ನಿನ ಬೇರೆ ನಿಲ್ದಾಣಗಳಿಂದ ಹತ್ತಿರವಾಗುತ್ತದೆಯೇ?

ಸ್ಕಿಪೋಲ್‌ಗೆ ಎಲ್ಲಕ್ಕಿಂತ ಹತ್ತಿರ ಸೌತೆಂಡ್, ಸುಮಾರು 290 ಕಿ.ಮೀ. ಸ್ಟಾನ್‌ಸ್ಟೆಡ್ 315, ಲಂಡನ್ ಸಿಟಿ 335, ಲೂಟನ್ 355, ಗ್ಯಾಟ್‌ವಿಕ್ 365. ಆದರೆ 50 ಕಿ.ಮೀ. ಕಡಿಮೆಯಾದರೆ ಉಳಿಯುವುದು ನಾಲ್ಕೈದು ನಿಮಿಷ. ದೂರ ನೋಡಿ ನಿಲ್ದಾಣ ಆರಿಸಬೇಡಿ. ನಿಮ್ಮ ಮನೆಯಿಂದ ಯಾವುದಕ್ಕೆ ಬೇಗ ಹೋಗಬಹುದು, ಅಲ್ಲಿ ಎಷ್ಟು ನಡೆಯಬೇಕು ಅನ್ನುವುದನ್ನು ನೋಡಿ. ಆ ದೃಷ್ಟಿಯಲ್ಲಿ ಲಂಡನ್ ಸಿಟಿ ಚೆನ್ನಾಗಿದೆ. ಪುಟ್ಟ ನಿಲ್ದಾಣ, 1,500 ಮೀಟರ್‌ನ ಚಿಕ್ಕ ರನ್‌ವೇ, ಚಿಕ್ಕ ವಿಮಾನಗಳು. ಇಳಿಯುವಾಗ ಮಾಮೂಲಿಗಿಂತ ಕಡಿದಾಗಿ ಇಳಿಯುತ್ತದೆ, ಗಾಬರಿ ಬೇಡ.

ಕಿಟಕಿ ಸೀಟು ಯಾವ ಕಡೆ ತೆಗೆದುಕೊಳ್ಳಬೇಕು?

ಆಮ್‌ಸ್ಟರ್‌ಡ್ಯಾಮಿನಿಂದ ಹೀಥ್ರೂಗೆ ಬರುವಾಗ ಬಲಗಡೆ. ಹೀಥ್ರೂವಿನಲ್ಲಿ ಹೆಚ್ಚಿನ ದಿನ ಪೂರ್ವದಿಂದ, ಅಂದರೆ ಲಂಡನ್ ಊರಿನ ಮೇಲಿಂದಲೇ ಬಂದು ಇಳಿಯುತ್ತಾರೆ. ಮೋಡ ಇಲ್ಲದಿದ್ದರೆ ಥೇಮ್ಸ್ ನದಿಯ ತಿರುವುಗಳು, ಟವರ್ ಬ್ರಿಡ್ಜ್, ಪಾರ್ಲಿಮೆಂಟ್, ಹೈಡ್ ಪಾರ್ಕ್ ಸಾಲಾಗಿ ಬರುತ್ತವೆ. ಪಾರ್ಲಿಮೆಂಟಿನ ಎದುರು ದಡದಿಂದ ಸ್ವಲ್ಪ ಮುಂದಕ್ಕೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಅಲ್ಲೇ 2015ರಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆ ಇದೆ. ಅಷ್ಟು ಮೇಲಿಂದ ಕಾಣುವುದಿಲ್ಲ, ಆದರೂ ನಮ್ಮವರು ಆ ಕಡೆ ಕತ್ತು ಚಾಚದೆ ಇರುವುದಿಲ್ಲ.

ಸ್ಕಿಪೋಲ್ ಕಡೆಗೆ ಹೋಗುವಾಗ ಎರಡೂ ಬದಿ ಒಂದೇ. ಏಪ್ರಿಲ್ ಕೊನೆಯಲ್ಲಿ ಟ್ಯೂಲಿಪ್ ಹೊಲಗಳ ಬಣ್ಣದ ಪಟ್ಟಿಗಳು ಕಂಡರೂ ಕಾಣಬಹುದು.

ರೈಲು ವಾಸಿಯೋ, ವಿಮಾನ ವಾಸಿಯೋ?

ಇದಕ್ಕೆ ನನ್ನ ಉತ್ತರ ನಿಮ್ಮ ಮನೆ ಎಲ್ಲಿದೆ ಅನ್ನುವುದರ ಮೇಲೆ.

ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್‌ಗೆ ಯೂರೋಸ್ಟಾರ್ ರೈಲು ನೇರವಾಗಿ ಓಡುತ್ತದೆ. ಸುಮಾರು ನಾಲ್ಕು ಗಂಟೆ. ಈ ನೇರ ಸೇವೆ 2018ರಲ್ಲಿ ಲಂಡನ್ನಿನ ಕಡೆಯಿಂದ ಶುರುವಾಯಿತು. 1:20 ಎಲ್ಲಿ, ನಾಲ್ಕು ಗಂಟೆ ಎಲ್ಲಿ ಅನ್ನಿಸುತ್ತದೆ ಅಲ್ವಾ? ಈಗ ಪೂರ್ತಿ ಲೆಕ್ಕ ಹಾಕಿ. ಲಂಡನ್ನಿನ ನಡುಭಾಗದಿಂದ ಹೀಥ್ರೂಗೆ ಪಿಕಡಿಲಿ ಲೈನಿನಲ್ಲಿ ಮುಕ್ಕಾಲರಿಂದ ಒಂದು ಗಂಟೆ. ಎರಡು ಗಂಟೆ ಮುಂಚೆ ಅಲ್ಲಿರಬೇಕು. ಗೇಟಿನಿಂದ ಗೇಟಿಗೆ 1:20. ಸ್ಕಿಪೋಲ್‌ನಲ್ಲಿ ಉದ್ದದ ನಡಿಗೆ, ಪಾಸ್‌ಪೋರ್ಟ್ ಸಾಲು, ಬ್ಯಾಗಿದ್ದರೆ ಬೆಲ್ಟಿನ ಮುಂದೆ ಕಾಯುವುದು. ಆಮೇಲೆ ಟರ್ಮಿನಲ್ಲಿನ ಕೆಳಗೇ ಇರುವ ಸ್ಟೇಷನ್ನಿನಿಂದ ಸೆಂಟ್ರಾಲ್‌ಗೆ ಕಾಲು ಗಂಟೆ. ಎಲ್ಲ ಸೇರಿಸಿದರೆ ಐದು ಗಂಟೆ ಆಗಿಯೇ ಹೋಯಿತು. ರೈಲಿಗೂ ಒಂದು ಗಂಟೆ ಮುಂಚೆ ಹೋದರೆ ಅಷ್ಟೇ ಆಗುತ್ತದೆ. ವ್ಯತ್ಯಾಸ ಏನೆಂದರೆ ರೈಲಿನಲ್ಲಿ ನಾಲ್ಕು ಗಂಟೆ ಒಂದೇ ಕಡೆ ನೆಮ್ಮದಿಯಾಗಿ ಕೂರುತ್ತೀರಿ. ವಿಮಾನದಲ್ಲಿ ಆ ಐದು ಗಂಟೆ ಚೂರುಚೂರಾಗಿ ಕಳೆಯುತ್ತದೆ. ಎರಡು ಕಡೆಯ ಪಾಸ್‌ಪೋರ್ಟ್ ತಪಾಸಣೆಯೂ ರೈಲು ಹತ್ತುವ ಮೊದಲೇ ಮುಗಿದಿರುತ್ತದೆ.

ಹಾಗಾಗಿ ಊರ ನಡುವಿನಿಂದ ಊರ ನಡುವಿಗೆ ಹೋಗುವವರಿಗೆ ನಾನು ರೈಲನ್ನೇ ಹೇಳುತ್ತೇನೆ. ಹೊಗೆಯ ಲೆಕ್ಕದಲ್ಲೂ ರೈಲು ಎಷ್ಟೋ ವಾಸಿ. ಆದರೆ ಮನೆ ಹೌನ್ಸ್ಲೋದಲ್ಲೋ ಸ್ಲೌನಲ್ಲೋ ಇದ್ದು, ಹೋಗಬೇಕಾದ್ದು ಆಮ್‌ಸ್ಟೆಲ್‌ವೀನ್‌ಗೆ ಆದರೆ, ಸುಮ್ನೆ ವಿಮಾನ ಹತ್ತಿ. ಎರಡು ಕಡೆಯೂ ನಿಲ್ದಾಣ ಮನೆ ಬಾಗಿಲಲ್ಲೇ ಇದೆ.

ಷೆಂಗನ್ ವೀಸಾ ಇದೆ. ಲಂಡನ್ನಿಗೂ ಅದೇ ಸಾಕಾ?

ಸಾಲದು. ಷೆಂಗನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಕೂಟ. ಬ್ರಿಟನ್ ಅದರಲ್ಲಿ ಇಲ್ಲ, ಯಾವತ್ತೂ ಇರಲಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಎರಡಕ್ಕೂ ಬೇರೆ ಬೇರೆ ವೀಸಾ ಬೇಕು. ಎರಡೂ ದೇಶ ನೋಡಿ ಮತ್ತೆ ನೆದರ್ಲೆಂಡ್ಸ್‌ಗೇ ವಾಪಸ್ ಬರುವ ಯೋಜನೆ ಇದ್ದರೆ ಷೆಂಗನ್ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವಂಥದ್ದಾ ಅಂತ ನೋಡಿಕೊಳ್ಳಿ. ಲಂಡನ್ನಿಗೆ ಹೋದ ಕ್ಷಣ ನೀವು ಷೆಂಗನ್ ಬಿಟ್ಟು ಹೊರಗೆ ಬಂದ ಹಾಗೆ.

ಯೂರೋಪಿಗೆ ಬರುವ ಹೊರಗಿನವರ ಫೋಟೊ ಮತ್ತು ಬೆರಳಚ್ಚು ತೆಗೆದುಕೊಳ್ಳುವ ಹೊಸ ಪದ್ಧತಿ 2025ರ ಅಕ್ಟೋಬರ್ 12ರಂದು ಶುರುವಾಗಿದೆ. ಸ್ಕಿಪೋಲ್‌ನ ಪಾಸ್‌ಪೋರ್ಟ್ ಸಾಲಿಗೆ ಸ್ವಲ್ಪ ಹೆಚ್ಚು ಹೊತ್ತು ಇಟ್ಟುಕೊಳ್ಳಿ.

ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಈ ವಿಮಾನ ಹಿಡಿಯಬಹುದಾ?

ಧಾರಾಳವಾಗಿ. ಕೆಎಲ್‌ಎಂ 2019ರಿಂದ ಆಮ್‌ಸ್ಟರ್‌ಡ್ಯಾಮ್–ಬೆಂಗಳೂರು ನೇರ ವಿಮಾನ ಓಡಿಸುತ್ತಿದೆ. ಹೀಥ್ರೂವಿನಿಂದಲೂ ಬೆಂಗಳೂರಿಗೆ ನೇರ ವಿಮಾನಗಳಿವೆ.

ಆದರೆ ಎರಡು ದಿಕ್ಕಿನಲ್ಲಿ ವೀಸಾ ಲೆಕ್ಕ ಒಂದೇ ಅಲ್ಲ. ಲಂಡನ್ನಿನಿಂದ ಸ್ಕಿಪೋಲ್ ಮೂಲಕ ಒಂದೇ ಟಿಕೆಟ್ಟಿನಲ್ಲಿ ಬೆಂಗಳೂರಿಗೆ ಹೋದರೆ ನೀವು ಷೆಂಗನ್ ಒಳಗೆ ಕಾಲಿಡುವುದೇ ಇಲ್ಲ. ಆಮ್‌ಸ್ಟರ್‌ಡ್ಯಾಮಿನಿಂದ ಹೀಥ್ರೂ ಮೂಲಕ ಹೋಗುವುದಾದರೆ ವಿಮಾನ ಬದಲಿಸಲಿಕ್ಕೂ ಬ್ರಿಟನ್ ಭಾರತೀಯರಿಂದ ಟ್ರಾನ್ಸಿಟ್ ವೀಸಾ ಕೇಳುತ್ತದೆ. ನೆದರ್ಲೆಂಡ್ಸ್‌ನ ನಿವಾಸ ಪರವಾನಗಿ ಇರುವ ಮಗನಿಗೋ ಮಗಳಿಗೋ ಅದರಿಂದ ವಿನಾಯಿತಿ ಇದೆ. ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಇಲ್ಲ. ಒಟ್ಟಿಗೆ ಟಿಕೆಟ್ ಮಾಡಿಸಿ, ಚೆಕ್-ಇನ್ ಕೌಂಟರಿನಲ್ಲಿ ಅಮ್ಮನನ್ನು ಮಾತ್ರ ನಿಲ್ಲಿಸಿದ ಕಥೆ ನಾನು ಕೇಳಿದ್ದೇನೆ. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ದುಡ್ಡು ಕಟ್ಟುವ ಮೊದಲು ಒಂದು ಸಲ ನೋಡಿಬಿಡಿ.

ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಲ್ಲ. 370 ಕಿ.ಮೀ. ತಾನೇ ಅಂತ ಒಂದೂವರೆ ಗಂಟೆ ಅಂತರ ಇಟ್ಟುಕೊಳ್ಳುವ ಧೈರ್ಯ ಮಾಡಬೇಡಿ.

ವಿಮಾನ ತಡವಾದರೆ ದುಡ್ಡು ಕೊಡುತ್ತಾರಂತೆ, ನಿಜವಾ?

ನಿಜ. 1,500 ಕಿ.ಮೀ.ಗಿಂತ ಚಿಕ್ಕ ದಾರಿ ಆದ್ದರಿಂದ ಇಲ್ಲಿ ಸಿಗುವುದು ಸ್ಕಿಪೋಲ್‌ನಿಂದ ಹೊರಟರೆ 250 ಯೂರೋ, ಹೀಥ್ರೂವಿನಿಂದ ಹೊರಟರೆ 220 ಪೌಂಡ್. ತಲುಪುವುದು ಮೂರು ಗಂಟೆ ಅಥವಾ ಹೆಚ್ಚು ತಡವಾಗಿರಬೇಕು, ತಪ್ಪು ಕಂಪನಿಯದ್ದಾಗಿರಬೇಕು. ಮಂಜು, ಬಿರುಗಾಳಿಗೆ ಕೊಡುವುದಿಲ್ಲ. ಆದರೆ ಎರಡು ಗಂಟೆಗಿಂತ ಹೆಚ್ಚು ಕಾಯಿಸಿದರೆ ಕಾರಣ ಏನೇ ಇರಲಿ, ಊಟ ತಿಂಡಿ ಕೊಡಲೇಬೇಕು. ಅವರಾಗಿ ಕರೆದು ಕೊಡುವುದು ಕಡಿಮೆ. ಕೇಳಿ ಇಸಿದುಕೊಳ್ಳಿ, ಬೋರ್ಡಿಂಗ್ ಪಾಸ್ ಬಿಸಾಡಬೇಡಿ.

ಲಂಡನ್ನಿನಿಂದ ತುಪ್ಪ, ಮೈಸೂರು ಪಾಕ್ ತೆಗೆದುಕೊಂಡು ಹೋಗಬಹುದಾ?

ತುಪ್ಪ ಬೇಡ. ಬ್ರಿಟನ್ ಯೂರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಅಲ್ಲಿಂದ ಮಾಂಸ, ಹಾಲು, ಹಾಲಿನ ಪದಾರ್ಥ ಪ್ರಯಾಣಿಕರು ತರುವಂತಿಲ್ಲ. 2021ರ ಜನವರಿಯಲ್ಲಿ ಡಚ್ ಕಸ್ಟಮ್ಸ್‌ನವರು ಹಡಗಿನಲ್ಲಿ ಬಂದ ಡ್ರೈವರ್‌ಗಳ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡ ದೃಶ್ಯ ಟೀವಿಯಲ್ಲೆಲ್ಲ ಬಂದಿತ್ತು. ಪನೀರ್, ಪೇಡಾ ಕೂಡ ಇದೇ ಗುಂಪಿಗೆ ಸೇರುತ್ತವೆ. ಬೆಂಗಳೂರಿನಿಂದ ನೇರವಾಗಿ ಸ್ಕಿಪೋಲ್‌ಗೆ ಬಂದರೂ ಇದೇ ನಿಯಮ. ಮೈಸೂರು ಪಾಕ್ ವಿಷಯ ಕಸ್ಟಮ್ಸ್‌ನವರ ಜೊತೆ ವಾದ ಮಾಡುವಷ್ಟು ಮುಖ್ಯವಾ ಅಂತ ನೀವೇ ಯೋಚಿಸಿ. ಚಟ್ನಿಪುಡಿ, ಸಾರಿನ ಪುಡಿ, ಹುರಿಗಾಳಿಗೆ ಈ ತಕರಾರಿಲ್ಲ. ಉಪ್ಪಿನಕಾಯಿ ಬಾಟಲಿ ಚೆಕ್-ಇನ್ ಬ್ಯಾಗಿನಲ್ಲಿ, ಎರಡು ಪ್ಲಾಸ್ಟಿಕ್ ಕವರ್ ಸುತ್ತಿ ಇಡಿ.